ನಿಂತ ಕಾರಿನ ಹಳೇ ಪೆಟ್ರೋಲು

ಕೇಳುಗರಿಗೆ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದಾಗ ಶೆಡ್ಡು ಸೇರಿದ ಕಾರು ಎಷ್ಟೋ ಮನೆಗಳಲ್ಲಿ ದೀಪಾವಳಿ ಹೊತ್ತಿಗೇ ಹೊರಗೆ ಬರುವುದು. ಓಡಿಸುವವರಿಲ್ಲದೆ ವರ್ಷಗಟ್ಟಲೆ ನಿಂತವೂ ಇವೆ. ಅಂಥ ಕಾರಿಗೆ ಎಲ್ಲರೂ ಮೊದಲು ಸೆಲ್ಫ್ ಹೊಡೆಯುತ್ತಾರೆ. ತಪ್ಪಾಗುವುದು ಅಲ್ಲೇ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲು ತೆಗೆಯಬೇಕು.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಅದಕ್ಕೆ ನೀರು ಹೀರುವ ಗುಣ. ಟ್ಯಾಂಕಿಗೆ ನೀರು ಹೆಚ್ಚು ಇಳಿದರೆ ಎಥನಾಲನ್ನೂ ಎಳೆದುಕೊಂಡು ತಳ ಸೇರುತ್ತದೆ, ಪಂಪು ಎಳೆಯುವುದೂ ತಳದಿಂದಲೇ. ಹಳತಾದ ಪೆಟ್ರೋಲು ಅಂಟಾಗಿ, ಎಂಜಿನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನಲ್ಲಿ ಕೂರುವುದು ಬೇರೆ.

ಪೈಪು ಹಾಕಿ ಬಾಯಲ್ಲಿ ಎಳೆಯುವ ಹಳೇ ಚಾಳಿ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆಯೇ ಗತಿ. ನುಂಗಿದವರಿಗೆ ವಾಂತಿ ಮಾಡಿಸಲೂಬಾರದು. ಹೊಸ ಕಾರುಗಳಲ್ಲಿ ಪೆಟ್ರೋಲು ಹಾಕುವ ಕೊಳವೆಯೊಳಗೆ ತಡೆ ಇರುವುದರಿಂದ ಪೈಪು ಬಹುಮಟ್ಟಿಗೆ ಇಳಿಯುವುದೂ ಇಲ್ಲ. ದಾರಿ ಇರುವುದು ಹಿಂದಿನ ಸೀಟಿನಡಿ: ಎಷ್ಟೋ ಕಾರುಗಳಲ್ಲಿ ಅಲ್ಲಿ ಒಂದು ದುಂಡನೆಯ ಮುಚ್ಚಳ, ಅದರಡಿ ಪಂಪು.

ಕಾರನ್ನು ಬಯಲಿಗೆ ತಳ್ಳಿಕೊಳ್ಳಿ. ಕಾಫಿ ಒಣಗಿಸುವ ಕಣ ಬೇಡ, ವಾಸನೆ ಬೀಜಕ್ಕೆ ಹತ್ತುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಬಚ್ಚಲೊಲೆಯವರೆಗೂ ಹೋಗಬಲ್ಲದು. ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಪಂಪಿನ ಪೈಪಿನಲ್ಲಿ ಒತ್ತಡ ಉಳಿದಿರಬಹುದು, ಜೋಡಣೆಗೆ ಬಟ್ಟೆ ಸುತ್ತಿ ನಿಧಾನ ಸಡಿಲಿಸಿ. ಪಂಪನ್ನು ಟ್ಯಾಂಕಿಗೆ ಬಿಗಿದಿರುವ ಉಂಗುರ ತಿರುಗಿಸಲು ಕಬ್ಬಿಣದ ಉಳಿ, ಸುತ್ತಿಗೆ ಬಳಸಿದರೆ ಕಿಡಿ ಹಾರುತ್ತದೆ, ಹಿತ್ತಾಳೆಯದೋ ಮರದ್ದೋ ಇರಲಿ. ಪಂಪು ಹೊರತೆಗೆದು, ಆ ತೂತಿನಿಂದ ಪೆಟ್ರೋಲನ್ನು ಕೈಪಂಪಿನಲ್ಲಿ ಲೋಹದ ಕ್ಯಾನಿಗೆ ಎತ್ತಿ. ಕ್ಯಾನು ನೆಲದ ಮೇಲಿರಲಿ, ಅದರಿಂದ ಕಾರಿನ ಲೋಹದ ಮೈಗೆ ಒಂದು ತಂತಿ ಕಟ್ಟಿ. ಪ್ಲಾಸ್ಟಿಕ್ ಬಕೆಟು ಬೇಡವೇ ಬೇಡ.

ತೆಗೆದದ್ದನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ತಳದಲ್ಲಿ ಗೆರೆ ಕೊಯ್ದಂತೆ ಬೇರೆ ಪದರ ಕಂಡರೆ ನೀರು. ಬಣ್ಣ ಕಂದಿ ಹಳೇ ವಾರ್ನಿಷ್ ವಾಸನೆ ಬಂದರೆ ಅದರ ಆಸೆ ಬಿಡಿ. ತಿಳಿಯಾಗಿದ್ದರೆ ಮಾತ್ರ ಒಂದು ಲೀಟರಿಗೆ ಐದು ಲೀಟರ್ ಹೊಸದು ಬೆರೆಸಿ ಅದೇ ಕಾರಿಗೆ ಹಾಕಬಹುದು. ಕಳೆ ಕತ್ತರಿಸುವ ಯಂತ್ರಕ್ಕೆ ಬೇಡ, ಅದರ ಸಣ್ಣ ಕಾರ್ಬುರೇಟರ್ ಬೇಗ ಕಟ್ಟಿಕೊಳ್ಳುತ್ತದೆ.

ಕೆಟ್ಟದ್ದನ್ನು ಹಂಡೆ ಒಲೆ ಹೊತ್ತಿಸಲು, ಕಳೆ ಸುಡಲು ಬಳಸುವವರಿದ್ದಾರೆ. ಆವಿ ಒಮ್ಮೆಗೇ ಭಗ್ಗೆಂದು ಮುಖಕ್ಕೆ ಹೊಡೆಯುತ್ತದೆ. ಚರಂಡಿಗೆ, ತೋಟಕ್ಕೆ ಸುರಿದರೆ ಬಾವಿ ಸೇರುತ್ತದೆ. ಲೋಹದ ಕ್ಯಾನಿನಲ್ಲಿ ಮುಚ್ಚಿ, ಒಳಗಿರುವುದು ಏನೆಂದು ಮೇಲೆ ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಅಂಥದ್ದು ಸಿಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ಪರವಾನಗಿ ಇಲ್ಲದೆ ಮನೆಯಲ್ಲಿ ಒಟ್ಟು 30 ಲೀಟರಿಗಿಂತ ಹೆಚ್ಚು ಪೆಟ್ರೋಲು ಇಡುವಂತಿಲ್ಲ.

ಪಂಪು ಕೂರಿಸುವಾಗ ರಬ್ಬರ್ ರಿಂಗು ಹೊಸದೇ ಬೇಕು. ಹಳೆಯದು ಪೆಟ್ರೋಲು ಕುಡಿದು ಊದಿಕೊಂಡಿರುತ್ತದೆ, ಎಷ್ಟು ಒತ್ತಿದರೂ ಕಚ್ಚಿನಲ್ಲಿ ಕೂರದು. ಐದು ಲೀಟರ್ ಹೊಸ ಪೆಟ್ರೋಲು ಹಾಕಿ, ವಾಸನೆ ಪೂರ್ತಿ ಆರಿದ ಮೇಲೆ ಬ್ಯಾಟರಿ ಜೋಡಿಸಿ. ಕೀಯನ್ನು ಆನ್ ಮಾತ್ರ ಮಾಡಿ, ಮೂರು ನಾಲ್ಕು ಸಲ. ಪ್ರತಿ ಸಲವೂ ಪಂಪು ಎರಡು ಸೆಕೆಂಡು ಗುಯ್ಗುಡಬೇಕು. ಆಮೇಲೆ ಕೀ ತೆಗೆದು ಉಂಗುರದ ಸುತ್ತ ಬೆರಳಾಡಿಸಿ. ಒದ್ದೆ ತಗುಲಿದರೆ ಸೀಟನ್ನೂ ಹಾಕಬೇಡಿ, ಸೆಲ್ಫನ್ನೂ ಹೊಡೆಯಬೇಡಿ.