ಪೆಟ್ಟಿಗೆ ತೆರೆಯುವವರು

ಎಲ್ಲರಿಗೂ ನಮಸ್ಕಾರ.

ಸಣ್ಣ ಪ್ರಕಾಶಕರು ಸೇರಿದ ಕಡೆಯೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಆಟವನ್ನು ಪ್ರಶಸ್ತಿಗೆ ಕಳಿಸೋಣವೋ ಬೇಡವೋ? ಕೇಳುವವರು ಹೆಚ್ಚಾಗಿ ಇಬ್ಬರೋ ಮೂವರೋ ಸೇರಿ ಬೋರ್ಡ್ ಗೇಮ್ ಮಾಡುವವರು. ಸಾವಿರ ಪ್ರತಿ ಅಚ್ಚು ಹಾಕಿಸಿರುತ್ತಾರೆ, ಅರ್ಧ ಇನ್ನೂ ಮನೆಯ ಕೋಣೆಯಲ್ಲೇ ಇರುತ್ತವೆ. ನಾನೂ ಹಾಗೇ ಶುರು ಮಾಡಿದವನು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಳಿಸಿ. ಆದರೆ ಎಲ್ಲಿ ನಿಮ್ಮ ಆಟವನ್ನು ಕೂತು ಆಡುತ್ತಾರೋ ಅಲ್ಲಿಗೆ ಮಾತ್ರ ಕಳಿಸಿ.

ಯಾಕೆ ಅಂತ ಹೇಳುತ್ತೇನೆ. ಪುಸ್ತಕವಾದರೆ ಅಂಗಡಿಯಲ್ಲಿ ನಿಂತಲ್ಲೇ ಎರಡು ಪುಟ ಓದಿ ನೋಡಬಹುದು. ಹಾಡಾದರೆ ಅರ್ಧ ನಿಮಿಷ ಕೇಳಿದರೆ ಸಾಕು. ಬೋರ್ಡ್ ಗೇಮ್ ಹಾಗಲ್ಲ. ನಿಯಮ ಓದಬೇಕು, ಮೂರ್ನಾಲ್ಕು ಜನ ಸೇರಬೇಕು, ಒಂದು ಗಂಟೆ ಕೂರಬೇಕು. ಹೆಸರೇ ಕೇಳದ ಪ್ರಕಾಶಕರ ಆಟಕ್ಕೆ ಅಷ್ಟು ಹೊತ್ತು ಕೊಡಲು ಜನರಿಗೆ ಏನಾದರೂ ಕಾರಣ ಬೇಕಲ್ವಾ? ದೊಡ್ಡ ಕಂಪನಿಗಳು ಆ ಕಾರಣವನ್ನು ಜಾಹೀರಾತಿನಿಂದ ಕೊಡುತ್ತವೆ. ನಮ್ಮ ಹತ್ತಿರ ಅದಕ್ಕೆ ದುಡ್ಡಿಲ್ಲ. ಚೆನ್ನಾಗಿರುವ ಎಷ್ಟೋ ಆಟಗಳು ಯಾರೂ ಪೆಟ್ಟಿಗೆ ತೆರೆಯದೆಯೇ ಸತ್ತುಹೋಗಿವೆ. ಅದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಈ ಲೋಕದಲ್ಲಿ ಎಲ್ಲಕ್ಕಿಂತ ಜಾಸ್ತಿ ತೂಕ ಇರುವುದು ಜರ್ಮನಿಯ ಶ್ಪೀಲ್ ದೆಸ್ ಯಾರೆಸ್ ಪ್ರಶಸ್ತಿಗೆ. 'ವರ್ಷದ ಆಟ' ಅಂತ ಅರ್ಥ. ಮೊದಲ ಪ್ರಶಸ್ತಿ 1979ರಲ್ಲಿ ಡೇವಿಡ್ ಪಾರ್ಲೆಟ್ ಅವರ ಮೊಲ ಮತ್ತು ಆಮೆಯ ಆಟಕ್ಕೆ ಸಿಕ್ಕಿತು. ತೀರ್ಪುಗಾರರು ಆಟಗಳ ಬಗ್ಗೆ ಬರೆಯುವ ವಿಮರ್ಶಕರು. ಅವರು ಇಡೀ ವರ್ಷ ಬೇರೆ ಬೇರೆ ಗುಂಪುಗಳ ಜೊತೆ ಆಡಿ ನೋಡುತ್ತಾರೆ. ಆಟದ ಕಲ್ಪನೆ ಹೊಸದೇ, ನಿಯಮ ಸ್ಪಷ್ಟವಾಗಿದೆಯೇ, ನೋಡಲು ಮತ್ತು ಬಳಸಲು ಹೇಗಿದೆ ಅಂತ ಅಳೆಯುತ್ತಾರೆ.

ಗೆದ್ದವರಿಗೆ ನಗದು ಬಹುಮಾನ ಇಲ್ಲ. ಗೆದ್ದ ಗುರುತನ್ನು ಪೆಟ್ಟಿಗೆಯ ಮೇಲೆ ಹಾಕಿಕೊಳ್ಳಲು ಪ್ರಕಾಶಕರೇ ಹಣ ಕಟ್ಟುತ್ತಾರೆ, ಆ ಹಣದಿಂದಲೇ ಪ್ರಶಸ್ತಿಯ ಸಂಸ್ಥೆ ನಡೆಯುತ್ತದೆ. ಮೊದಲ ಸಲ ಕೇಳಿದಾಗ ನನಗೆ ಇದು ವಿಚಿತ್ರ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಆಟಗಳ ಬಗ್ಗೆ ಏನೂ ಗೊತ್ತಿಲ್ಲದ ಕುಟುಂಬಗಳು ಆ ಗುರುತು ನೋಡಿಯೇ ಕೊಳ್ಳುತ್ತವೆ. ಗೆದ್ದ ಆಟ ಲಕ್ಷಗಟ್ಟಲೆ ಮಾರಾಟವಾಗುವುದೂ ಉಂಟು.

ಇದರಿಂದ ಸಣ್ಣವರ ಬದುಕು ಬದಲಾಗಿದ್ದಕ್ಕೆ ಉದಾಹರಣೆಗಳಿವೆ. ಡಿಕ್ಸಿಟ್ ಆಟ ನಿಮ್ಮಲ್ಲಿ ತುಂಬಾ ಜನ ಆಡಿರುತ್ತೀರಿ. ಒಬ್ಬರು ಚಿತ್ರದ ಕಾರ್ಡ್ ಒಂದನ್ನು ಕೆಳಗಿಟ್ಟು ಒಂದು ಮಾತಿನ ಸುಳಿವು ಕೊಟ್ಟರೆ, ಉಳಿದವರು ಅದು ಯಾವ ಚಿತ್ರ ಅಂತ ಊಹಿಸುವ ಆಟ. 2008ರಲ್ಲಿ ಬಂದಾಗ ಅದರ ಪ್ರಕಾಶಕರಾದ ಫ್ರಾನ್ಸಿನ ಲಿಬೆಲ್ಯುಡ್ ಆಗಷ್ಟೇ ಹುಟ್ಟಿದ ಸಂಸ್ಥೆ. ಡಿಕ್ಸಿಟ್ ಅವರ ಮೊದಲ ಆಟ. 2010ರಲ್ಲಿ ಪ್ರಶಸ್ತಿ ಬಂತು. 2021ರಲ್ಲಿ ಗೆದ್ದ ಮೈಕ್ರೋಮ್ಯಾಕ್ರೋ ಬರ್ಲಿನ್ನಿನ ಒಂದು ಪುಟ್ಟ ಪ್ರಕಾಶನದ್ದು. ಕಪ್ಪು ಬಿಳುಪಿನ ದೊಡ್ಡ ನಕ್ಷೆ ಹರಡಿಕೊಂಡು, ಅದರಲ್ಲಿರುವ ಪುಟ್ಟ ಪುಟ್ಟ ಜನರ ಹೆಜ್ಜೆ ಹಿಡಿದು ಅಪರಾಧ ಪತ್ತೆ ಮಾಡುವ ಆಟ. ಆಡದೆ ಬರೀ ಪೆಟ್ಟಿಗೆ ನೋಡಿದವರಿಗೆ ಅದರ ಖುಷಿ ಗೊತ್ತಾಗುವುದೇ ಇಲ್ಲ. ಇಂಥ ಆಟಗಳಿಗೆ ಆಡಿ ನೋಡುವ ತೀರ್ಪುಗಾರರೇ ಬೇಕು.

ಆದರೆ ವರ್ಷಕ್ಕೆ ಗೆಲ್ಲುವುದು ಒಂದೇ ಆಟ. ಅದಕ್ಕೇ ನಾನು ಗೆಲುವಿಗಿಂತ ಪಟ್ಟಿಯ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಅಂತಿಮ ಸುತ್ತಿಗೆ ಬರುವ ಮೂರು ಆಟಗಳ ಜೊತೆಗೆ ಆ ತೀರ್ಪುಗಾರರು ಒಂದು ಶಿಫಾರಸು ಪಟ್ಟಿಯನ್ನೂ ಕೊಡುತ್ತಾರೆ. ದೊಡ್ಡ ಪ್ರಕಾಶಕರಿಗೆ ಪಟ್ಟಿಯಲ್ಲಿ ಹೆಸರು ಬಂದರೆ ಅದೊಂದು ಸಣ್ಣ ಸುದ್ದಿ. ನಮಗೆ ಅದೇ ಬಾಗಿಲು. ಫೋನ್ ಎತ್ತದ ಡಿಸ್ಟ್ರಿಬ್ಯೂಟರ್ ತಾನೇ ಫೋನ್ ಮಾಡುತ್ತಾನೆ. ಬೇರೆ ಭಾಷೆಯ ಪ್ರಕಾಶಕರು ಹಕ್ಕು ಕೇಳುತ್ತಾರೆ. ಮುಂದಿನ ಆಟ ತೋರಿಸಲು ಹೋದಾಗ ನೀವು ಯಾರು ಅಂತ ವಿವರಿಸಬೇಕಾಗುವುದಿಲ್ಲ.

ರೋಲ್ ಪ್ಲೇಯಿಂಗ್ ಗೇಮ್, ಅಂದರೆ ನಿಯಮದ ಪುಸ್ತಕ ಇಟ್ಟುಕೊಂಡು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ, ಮಾಡುವವರ ದಾರಿ ಸ್ವಲ್ಪ ಬೇರೆ. ಅಲ್ಲಿ ಎನ್ನೀ ಪ್ರಶಸ್ತಿ ದೊಡ್ಡದು. 2001ರಿಂದ ಇದೆ. ಐವರು ತೀರ್ಪುಗಾರರು ಬಂದದ್ದನ್ನೆಲ್ಲ ನೋಡಿ ಪಟ್ಟಿ ಮಾಡುತ್ತಾರೆ, ಆಮೇಲೆ ಸಾರ್ವಜನಿಕರು ಮತ ಹಾಕಿ ಚಿನ್ನ ಬೆಳ್ಳಿ ತೀರ್ಮಾನಿಸುತ್ತಾರೆ. ಮತದ ಸುತ್ತಿನಲ್ಲಿ ಅಭಿಮಾನಿಗಳು ಜಾಸ್ತಿ ಇದ್ದವರಿಗೆ ಅನುಕೂಲ, ಅದು ಸಹಜ. ಹಾಗಾಗಿ ಅಲ್ಲಿ ಸೋತರೆ ಕೊರಗಬೇಡಿ. ಆ ಐವರು ನಿಮ್ಮ ಪುಸ್ತಕ ಓದಿ ಆರಿಸಿದರಲ್ಲ, ಅದು ನಿಮ್ಮದೇ.

ನನಗೆ ತುಂಬಾ ಇಷ್ಟವಾದದ್ದು ಡಯಾನಾ ಜೋನ್ಸ್ ಪ್ರಶಸ್ತಿ. ಇಂಡಿಯಾನಾ ಜೋನ್ಸ್ ಹೆಸರಿನ ಒಂದು ಹಳೇ ರೋಲ್ ಪ್ಲೇಯಿಂಗ್ ಗೇಮ್ ಇತ್ತು. ಅದರ ಲೈಸೆನ್ಸ್ ಮುಗಿದ ಮೇಲೆ ಮಾರಾಟವಾಗದೆ ಉಳಿದ ಪ್ರತಿಗಳನ್ನು ಸುಟ್ಟರು. ಸುಟ್ಟು ಉಳಿದ ಚೂರನ್ನು ಪಾರದರ್ಶಕ ಪ್ಲಾಸ್ಟಿಕ್ಕಿನ ಪಿರಮಿಡ್ಡಿನಲ್ಲಿ ಇಟ್ಟಿದ್ದಾರೆ. ಆಟದ ಹೆಸರಿನಲ್ಲಿ ಸುಡದೆ ಉಳಿದು ಕಾಣುತ್ತಿದ್ದ ಅಕ್ಷರಗಳೇ ಪ್ರಶಸ್ತಿಯ ಹೆಸರಾದವು. ಮಾರಾಟವಾಗದ ಆಟದ ಬೂದಿಯೇ ಪ್ರಶಸ್ತಿ, ಯೋಚಿಸಿ. ಇಲ್ಲಿ ವಿಭಾಗಗಳಿಲ್ಲ, ಮಾರಾಟದ ಲೆಕ್ಕವಿಲ್ಲ. 2011ರಲ್ಲಿ ಇದು ಫಿಯಾಸ್ಕೋಗೆ ಸಿಕ್ಕಿತು. ಅದೂ ಒಂದು ಸಣ್ಣ ಪ್ರಕಾಶನದ ಆಟವೇ.

ಇನ್ನು ಖರ್ಚಿನ ಮಾತು. ಕೆಲವು ಪ್ರಶಸ್ತಿಗಳಿಗೆ ಪ್ರವೇಶ ಶುಲ್ಕ ಇದೆ. ಪ್ರತಿ ತೀರ್ಪುಗಾರರಿಗೂ ಒಂದೊಂದು ಪ್ರತಿ, ಜೊತೆಗೆ ಅಂಚೆ ಖರ್ಚು. ಭಾರದ ಪೆಟ್ಟಿಗೆಯಾದರೆ ಅಂಚೆಯೇ ಆಟದ ಬೆಲೆಯನ್ನು ಮೀರಬಹುದು. ನಾವು ಮೊದಲ ವರ್ಷ ಸಿಕ್ಕ ಸಿಕ್ಕ ಕಡೆಗೆಲ್ಲ ಕಳಿಸಿದೆವು. ಒಂದು ಕಡೆ ಶುಲ್ಕವನ್ನೂ ಕಟ್ಟಿದ್ದೆವು. ಫಲಿತಾಂಶ ಬಂದ ಮೇಲೆ ನಮ್ಮ ಕೋರಿಕೆಯಂತೆ ಪೆಟ್ಟಿಗೆ ವಾಪಸ್ ಕಳಿಸಿದರು. ಮೇಲಿನ ಪ್ಲಾಸ್ಟಿಕ್ ಹೊದಿಕೆ ನಾವು ಹಾಕಿದ ಹಾಗೇ ಇತ್ತು. ಯಾರೂ ತೆರೆದೇ ಇರಲಿಲ್ಲ. ಸೋತದ್ದಕ್ಕಿಂತ ಅದು ನೋವು ಕೊಟ್ಟಿತು.

ಅವತ್ತಿನಿಂದ ಕಳಿಸುವ ಮೊದಲು ಮೂರು ವಿಷಯ ಕೇಳಿಕೊಳ್ಳುತ್ತೇನೆ. ತೀರ್ಪುಗಾರರ ಹೆಸರು ಬಹಿರಂಗವಾಗಿದೆಯೇ? ಆಯ್ಕೆಗೆ ಕಾರಣ ಬರೆಯುತ್ತಾರೆಯೇ? ಹಿಂದಿನ ವರ್ಷಗಳ ಪಟ್ಟಿಯಲ್ಲಿ ನನ್ನಂಥ ಸಣ್ಣವರು ಇದ್ದಾರೆಯೇ? ಮೂರಕ್ಕೂ ಇಲ್ಲ ಅಂದರೆ ಆ ದುಡ್ಡಲ್ಲಿ ಇನ್ನೊಂದಿಷ್ಟು ಪ್ರತಿ ಅಚ್ಚು ಹಾಕಿಸುವುದೇ ಮೇಲು.

ಅಚ್ಚಿನ ಮಾತು ಬಂತಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಟ್ಟಿ ಬಂದ ದಿನ ನಿಮ್ಮ ಹತ್ತಿರ ಸ್ಟಾಕ್ ಇರಬೇಕು. ಮರುಮುದ್ರಣ ಮುಗಿದು ಹಡಗಿನಲ್ಲಿ ಬಂದು ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಅಷ್ಟರಲ್ಲಿ ಜನ ಬೇರೆ ಆಟಕ್ಕೆ ಹೋಗಿರುತ್ತಾರೆ. ಹಾಗಂತ ಸಾಲ ಮಾಡಿ ಹತ್ತು ಸಾವಿರ ಮೊದಲೇ ಅಚ್ಚು ಹಾಕಿಸಲೂಬೇಡಿ. ಮುದ್ರಕರಿಂದ ಮರುಮುದ್ರಣದ ದರ, ದಿನ ಎರಡನ್ನೂ ಮುಂಚೆಯೇ ಬರೆಸಿಕೊಂಡು ಇಟ್ಟುಕೊಳ್ಳಿ. ಸುದ್ದಿ ಬಂದ ದಿನವೇ ಆರ್ಡರ್ ಕೊಡುವಂತಿರಬೇಕು.

ನಾವು ಇವತ್ತಿಗೂ ಯಾವ ದೊಡ್ಡ ಪ್ರಶಸ್ತಿಯನ್ನೂ ಗೆದ್ದಿಲ್ಲ. ಎರಡನೇ ಆಟ ಒಂದು ಪಟ್ಟಿಗೆ ಬಂತು, ಅಷ್ಟೆ. ಆ ತೀರ್ಪುಗಾರರಲ್ಲಿ ಒಬ್ಬರು ನಮಗೆ ಎರಡು ಪುಟದ ಪತ್ರ ಬರೆದರು. ನಿಯಮ ಪುಸ್ತಕದ ನಾಲ್ಕನೇ ಪುಟದಲ್ಲಿ ಪ್ರತಿ ಗುಂಪೂ ಎಡವಿತು ಅಂತ ತೋರಿಸಿಕೊಟ್ಟರು. ಪ್ರತಿಯನ್ನೂ ಜೊತೆಗೆ ವಾಪಸ್ ಕಳಿಸಿದ್ದರು. ಕಾರ್ಡುಗಳ ಅಂಚು ಸವೆದಿತ್ತು, ಪೆಟ್ಟಿಗೆಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಆ ಪ್ರತಿಯನ್ನು ಇವತ್ತು ತಂದಿದ್ದೇನೆ. ಅಗೋ, ಬಾಗಿಲ ಪಕ್ಕದ ಮೇಜಿನ ಮೇಲಿದೆ. ಹೋಗುವಾಗ ತೆರೆದು ನೋಡಿ. ನಾಲ್ಕು ಜನ ಸಿಕ್ಕರೆ ಒಂದು ಆಟ ಆಡೋಣ.