ಕಂದು ಗೆರೆಗಳನ್ನು ಓದಿ

ಶ್ರೋತೃಗಳಿಗೆ ನಮಸ್ಕಾರ. ಅಮೆರಿಕದ ಅರಿಜೋನಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಪರ್ವತದ ಹಳೆಯ ಸ್ಥಳಾಕೃತಿ ನಕ್ಷೆಯ ಒಂದು ಪ್ರತಿ ನನ್ನ ಮುಂದಿದೆ. 1879ರಲ್ಲಿ ಸ್ಥಾಪನೆಯಾದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ವಿಮಾನಚಿತ್ರಗಳ ನೆರವೇ ಇಲ್ಲದ ಕಾಲದಲ್ಲಿ ಆ ಒಣ ಪ್ರಸ್ಥಭೂಮಿಯನ್ನು ಅಳೆದು, ಇಂಚಿಗೆ ಸುಮಾರು ನಾಲ್ಕು ಮೈಲಿಯಂತೆ ಈ ಹಾಳೆಯನ್ನು ಅಚ್ಚುಹಾಕಿಸಿದರು. ಇದರಲ್ಲಿ ನೀರು ನೀಲಿ, ಊರು ಮತ್ತು ದಾರಿಗಳು ಕಪ್ಪು, ನೆಲದ ಏರಿಳಿತ ಕಂದು. ನಕ್ಷೆ ಕೈಗೆ ಬಂದೊಡನೆ ಎಲ್ಲರೂ ಕಪ್ಪಕ್ಷರದ ಹೆಸರುಗಳನ್ನೇ ಹುಡುಕುತ್ತಾರೆ. ದಯವಿಟ್ಟು ಹೆಸರುಗಳನ್ನು ಬಿಡಿ, ಕಂದು ಗೆರೆಗಳನ್ನು ಓದಿ.

ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಯೇ ಸಮೋನ್ನತಿ ರೇಖೆ. ಗೆರೆಗಳು ಒತ್ತಾಗಿದ್ದರೆ ನೆಲ ಕಡಿದು, ವಿರಳವಾಗಿದ್ದರೆ ಸಮತಟ್ಟು. ಇಷ್ಟೇ.

ಇಷ್ಟನ್ನು ಹತ್ತು ಸಲ ಹೇಳಿದ ಮೇಲೂ ನನ್ನ ವಿದ್ಯಾರ್ಥಿಯೊಬ್ಬ ಇದೇ ಹಾಳೆಯನ್ನು ನೋಡಿ, 12,633 ಅಡಿ ಎತ್ತರದ ಹಂಫ್ರೀಸ್ ಶಿಖರವನ್ನು ನಟ್ಟನಡುವೆ ನಿಲ್ಲಿಸಿ, ಪರ್ವತವನ್ನು ದೇವಸ್ಥಾನದ ಗೋಪುರದಂತೆ ಎಲ್ಲ ಬದಿಗೂ ಸಮನಾಗಿ ಇಳಿಸಿದ ಚಿತ್ರವೊಂದನ್ನು ಬರೆದು ತಂದ. ವಾದಿಸಿ ಫಲವಿಲ್ಲವೆಂದು ಅಂದು ಮಧ್ಯಾಹ್ನ ಹಾಸ್ಟೆಲಿನ ಊಟದ ಸಾಲಿನಲ್ಲಿ ಅವನ ಪಕ್ಕದಲ್ಲೇ ಕುಳಿತೆ. ತಟ್ಟೆಗೆ ರಾಗಿ ಮುದ್ದೆ ಬಂತು. ಅವನು ವಾಡಿಕೆಯಂತೆ ನಡುವೆ ಗುಳಿ ಮಾಡಿ ಸಾರು ಹಾಕಿಸಿಕೊಂಡ. ಇದೇನಪ್ಪ ಎಂದು ಕೇಳಿದರೆ, ಜ್ವಾಲಾಮುಖಿಯ ಬಾಯಿ ಸಾರ್ ಎಂದು ನಕ್ಕ. ಹಾಗಾದರೆ ಈಶಾನ್ಯ ದಿಕ್ಕಿನ ಗೋಡೆಯಿಂದ ಒಂದು ತುತ್ತು ಮುರಿ ಎಂದೆ. ಮುರಿದ. ಸಾರು ತಟ್ಟೆಗೆ ಹರಿಯಿತು, ಉಳಿದ ಮುದ್ದೆ ಕುದುರೆಯ ಲಾಳದಂತೆ ನಿಂತಿತು. ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದವನು, ನಕ್ಷೆಯಲ್ಲಿ ಗೆರೆಗಳು ಆ ಬದಿಯಲ್ಲಿ ಒಳಕ್ಕೆ ತಿರುಗಿರುವುದು ಇದಕ್ಕೇನಾ ಸಾರ್ ಎಂದ. ಅದಕ್ಕೇ! ಪುರಾತನ ಜ್ವಾಲಾಮುಖಿಯಾದ ಆ ಪರ್ವತದ ಈಶಾನ್ಯ ಪಾರ್ಶ್ವ ಕುಸಿದು, ಬಳಿಕ ಹಿಮನದಿಗಳು ಕೊರೆದು ಉಂಟಾದ ಕಣಿವೆಯನ್ನು ಆ ಕಂದು ಗೆರೆಗಳು ಯಾವ ಹೆಸರಿನ ಹಂಗೂ ಇಲ್ಲದೆ ಅವನಿಗೆ ಮೊದಲಿನಿಂದಲೂ ತೋರಿಸುತ್ತಲೇ ಇದ್ದವು.

ಸ್ಟುಡಿಯೋದ ಗಾಜಿನಾಚೆಯಿಂದ ಸಮಯವಾಯಿತೆಂಬ ಸನ್ನೆ ಬಂದಿದೆ. ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಸೀಮೆಯಲ್ಲಿ ಜ್ವಾಲಾಮುಖಿಗಳು 600ಕ್ಕೂ ಹೆಚ್ಚು. ಅವುಗಳಲ್ಲಿ ತೀರ ಎಳೆಯದಾದ ಸನ್‌ಸೆಟ್ ಕ್ರೇಟರ್ ಕಿಟ್ಟದ, ಅಂದರೆ ಜ್ವಾಲಾಮುಖಿ ಉಗುಳಿದ ತೂತುತೂತಾದ ಕಲ್ಲುಚೂರುಗಳ, ರಾಶಿಯಿಂದ ಎದ್ದ ಶಂಕು. ಅದು ಸಿಡಿದು ಇನ್ನೂ ಸಾವಿರ ವರ್ಷವೂ ತುಂಬಿಲ್ಲ. ಅದರ ಸುತ್ತ ನೀಲಿ ಗೆರೆಗಳು ಅಷ್ಟು ವಿರಳವಾಗಿರುವುದೇಕೆಂದರೆ, ಬಿದ್ದ ಮಳೆ ಹರಿಯುವ ಮೊದಲೇ ಆ ಕಿಟ್ಟದೊಳಗೆ ಇಂಗಿಹೋಗುತ್ತದೆ. ಅದನ್ನು ಸರಿಯಾಗಿ ವಿವರಿಸಲು ನನಗೆ ಇನ್ನೂ ಹತ್ತು ನಿಮಿಷ ಬೇಕಾಗಿತ್ತು. ನಮಸ್ಕಾರ.