ಡಾಸ್‌ನಲ್ಲಿ ದಾರಿ ತಪ್ಪಿದರೆ ಡಾಸನ್ನೇ ಕೇಳಿ

ಕಪ್ಪು ಪರದೆ. ‘ಸಿ:\>’ ಅಂತ ಇದೆ, ಪಕ್ಕದಲ್ಲಿ ಮಿಣುಕುವ ಪುಟ್ಟ ಗೆರೆ. ಕ್ಲಿಕ್ ಮಾಡೋಕೆ ಏನೂ ಇಲ್ಲ. ಇದು ಎಂಎಸ್-ಡಾಸ್ 6.22, ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಮೈಕ್ರೋಸಾಫ್ಟ್‌ನ ಹಳೇ ಆಪರೇಟಿಂಗ್ ಸಿಸ್ಟಂ, 1994ರದ್ದು. ನನಗೆ ನಾನೇ ಹಾಕಿಕೊಂಡ ಷರತ್ತು ಒಂದೇ: ಏನಾದರೂ ಗೊತ್ತಾಗದಿದ್ದರೆ ಫೋನ್ ಮುಟ್ಟುವಂತಿಲ್ಲ, ಡಾಸನ್ನೇ ಕೇಳಬೇಕು.

ಕೇಳೋದು ಸುಲಭ. ಕಮಾಂಡ್ ಹೆಸರು, ಓರೆ ಗೆರೆ, ಪ್ರಶ್ನಾರ್ಥಕ ಚಿಹ್ನೆ. ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್ ‘ಡಿರ್’ ಬಗ್ಗೆ ಕೇಳಬೇಕಾ? ‘ಡಿರ್ /?’ ಅಷ್ಟೇ. 1991ರಲ್ಲಿ ಬಂದ 5ನೇ ಆವೃತ್ತಿಯಿಂದ ಎಲ್ಲ ಕಮಾಂಡ್‌ಗೂ ಇದು ನಡೆಯುತ್ತದೆ.

ನಾನು ಮೊದಲು ಒತ್ತಿದ್ದು ಇನ್ನೊಂದು ಕಡೆ ವಾಲಿದ ಗೆರೆ. ‘ಫೈಲ್ ಸಿಗಲಿಲ್ಲ’ ಅಂದಿತು! ಪಾಪ, ಅದರ ತಪ್ಪಲ್ಲ. ಆ ಗೆರೆ ಡೈರೆಕ್ಟರಿಯ (ಅಂದರೆ ಈಗಿನ ಫೋಲ್ಡರ್‌ನ) ದಾರಿ, ಪ್ರಶ್ನಾರ್ಥಕ ಚಿಹ್ನೆ ಅಂದರೆ ‘ಯಾವುದೋ ಒಂದು ಅಕ್ಷರ’. ಒಂದೇ ಅಕ್ಷರದ ಹೆಸರಿರುವ ಫೈಲ್ ಹುಡುಕು ಅಂತ ನಾನೇ ಹೇಳಿದ್ದೆ.

ಗೆರೆ ಸರಿಮಾಡಿದೆ, ಈಗ ‘ಡಿರ್’ ಬಳಸುವ ವಿಧಾನ ಸರಿಯಾಗಿ ಬಂತು, ನೋಡಿ. ಈ ಚೌಕ ಬ್ರಾಕೆಟ್‌ಗಳನ್ನು ಕಂಡು ಹೆದರಬೇಡಿ. ಬ್ರಾಕೆಟ್ ಒಳಗಿರುವುದನ್ನು ಬೇಕಾದರೆ ಹಾಕಿ, ಬೇಡದಿದ್ದರೆ ಬಿಡಿ, ಅಷ್ಟೇ ಅರ್ಥ. ‘/ಪಿ’ ಹಾಕಿದರೆ ಪರದೆ ತುಂಬಿದಾಗ ಪಟ್ಟಿ ನಿಲ್ಲುತ್ತದೆ. ‘/ಎಸ್’ ಹಾಕಿದರೆ ಒಳಗಿನ ಡೈರೆಕ್ಟರಿಗಳನ್ನೂ ಜಾಲಾಡುತ್ತದೆ. ಡೆಲ್‌ಟ್ರೀ ಅನ್ನೋ ಕಮಾಂಡ್‌ಗಂತೂ ಮೊದಲು ‘/?’ ಹಾಕಿ ಕೇಳಿ. ಇಡೀ ಡೈರೆಕ್ಟರಿಯನ್ನೇ ಬುಡಸಮೇತ ಅಳಿಸುವ ಆಸಾಮಿ ಅದು. ಹುಷಾರಾಗಿ ಬಳಸಿ ಅಂತ ಅದರ ಹೆಲ್ಪ್‌ನಲ್ಲೇ ಬರೆದಿದೆ.

ಜಾಸ್ತಿ ವಿವರ ಬೇಕಾದರೆ ‘ಹೆಲ್ಪ್’ ಅಂತ ಟೈಪ್ ಮಾಡಬೇಕು. ಇಡೀ ಪರದೆ ಪುಸ್ತಕವಾಗುತ್ತದೆ. ಟಿಪ್ಪಣಿ, ಉದಾಹರಣೆ, ಎಲ್ಲ ಇದೆ. ಟ್ಯಾಬ್ ಒತ್ತುತ್ತಾ ಓಡಾಡಬಹುದು.

ನಿನ್ನೆ ಜಾಗ ಉಳಿಸೋಣ ಅಂತ ಡಾಸ್ ಜೊತೆ ಬರುವ, ಪ್ರೋಗ್ರಾಂ ಬರೆಯುವ ಸಾಧನ ಕ್ಯೂಬೇಸಿಕ್ ಅಳಿಸಿದೆ. ನಾನೇನು ಪ್ರೋಗ್ರಾಂ ಬರೀತೀನಾ? ಆಮೇಲೆ ನೋಡಿದರೆ ‘ಹೆಲ್ಪ್’ ಸತ್ತಿದೆ! ಪಠ್ಯ ಬರೆಯುವ, ತಿದ್ದುವ ‘ಎಡಿಟ್’ ಕೂಡ ಸತ್ತಿದೆ! ಎರಡೂ ಒಳಗೊಳಗೆ ಓಡುವುದು ಆ ಕ್ಯೂಬೇಸಿಕ್ ಫೈಲ್ ಮೇಲೇ ಅಂತೆ.

ಪುಣ್ಯಕ್ಕೆ ‘ಫಾಸ್ಟ್‌ಹೆಲ್ಪ್’ ಬದುಕಿತ್ತು. ಒಂದೊಂದು ಕಮಾಂಡ್‌ಗೆ ಒಂದೊಂದು ಸಾಲಿನ ಪಟ್ಟಿ. ಕೆಳಗೆ ಹೋಗ್ತಾ ಹೋಗ್ತಾ, ಅಳಿಸಿದ ಫೈಲ್ ವಾಪಸ್ ತರುವ ‘ಅನ್‌ಡಿಲೀಟ್’ ಕಣ್ಣಿಗೆ ಬಿತ್ತು. ‘/?’ ಹಾಕಿ ಓದಿಕೊಂಡು ಓಡಿಸಿದೆ. ಡಾಸ್ ಫೈಲ್ ಅಳಿಸುವಾಗ ಹೆಸರಿನ ಮೊದಲ ಅಕ್ಷರವನ್ನಷ್ಟೇ ಒರೆಸುತ್ತದೆ. ಹಾಗಾಗಿ ಪರದೆ ಮೇಲೆ ‘?ಬೇಸಿಕ್’ ಅಂತ ಬಂತು. ಮೊದಲ ಅಕ್ಷರ ಯಾವುದು ಅಂತ ಈ ಸಲ ಅದೇ ನನ್ನನ್ನು ಕೇಳುತ್ತಿತ್ತು.

‘ಕ್ಯೂ’ ಒತ್ತಿದೆ.